ಮನೆಯೊಳಗಿನ ಬೆಳಕು, ಕ್ಲಬ್ಬಿನ ಕಣ್ಣು

ಕ್ಯಾಮೆರಾ ಕ್ಲಬ್ಬುಗಳಲ್ಲಿ ಒಂದು ಹಳೆಯ ಪದ್ಧತಿಯಿದೆ. ಸದಸ್ಯರು ಕೊಟ್ಟ ಚಿತ್ರಗಳನ್ನು ಒಂದೊಂದಾಗಿ ಪರದೆಯ ಮೇಲೆ ತೋರಿಸುತ್ತಾರೆ. ತೆಗೆದವರು ಯಾರೆಂದು ಹೇಳುವುದಿಲ್ಲ. ಅವರು ಅದೇ ಕೋಣೆಯಲ್ಲಿ ಕುಳಿತಿರುತ್ತಾರೆ, ಆದರೆ ತಮ್ಮ ಚಿತ್ರದ ಪರವಾಗಿ ಒಂದು ಮಾತನ್ನೂ ಆಡುವಂತಿಲ್ಲ. ತೀರ್ಪುಗಾರರು ಕೆಲಹೊತ್ತು ನೋಡಿ, ಎಡಮೂಲೆಯ ಬಿಳಿ ಗೋಡೆ ಕಣ್ಣನ್ನು ಎಳೆದುಕೊಳ್ಳುತ್ತಿದೆ, ಅಜ್ಜಿಯ ಕೈ ಮಣಿಕಟ್ಟಿನಲ್ಲೇ ತುಂಡಾಗಿದೆ, ಹಿಂದಿನ ಲೈಟುಕಂಬ ಹುಡುಗನ ತಲೆಯ ಮೇಲೆ ಮೊಳೆತಂತಿದೆ ಎಂದು ಹೇಳುತ್ತಾರೆ. ಆ ಚಿತ್ರಕ್ಕಾಗಿ ಎಷ್ಟು ಬೇಗ ಎದ್ದದ್ದು, ಆ ದಿನ ಮಂಜು ಎಷ್ಟು ದಟ್ಟವಾಗಿತ್ತು ಎಂಬ ಕತೆಗಳಿಗೆಲ್ಲ ಅಲ್ಲಿ ಎಡೆಯಿಲ್ಲ. ಚೌಕಟ್ಟಿನೊಳಗೆ ಇರುವುದಷ್ಟೇ ಲೆಕ್ಕಕ್ಕೆ. ಕ್ಲಬ್ಬಿನ ಜೀವಾಳ ಈ ವಿಮರ್ಶೆಯ ಎರಡು ನಿಮಿಷದಲ್ಲಿದೆ ಎನ್ನುವುದು ನನ್ನ ವಾದ. ಕಟ್ಟಡ, ಪ್ರವಾಸ, ದುಬಾರಿ ಲೆನ್ಸು, ಕಾಫಿ ವಿರಾಮದ ಹರಟೆ ಎಲ್ಲವೂ ಇದರ ಸುತ್ತ ಬೆಳೆದುಕೊಂಡವು. 2020ರ ಮಾರ್ಚ್ 25ರಂದು ಕೋವಿಡ್ ಲಾಕ್‌ಡೌನಿನಿಂದ ದೇಶವೇ ಬಾಗಿಲು ಹಾಕಿಕೊಂಡಾಗ ಈ ಸುತ್ತಲಿನದೆಲ್ಲ ಒಮ್ಮೆಲೇ ಕಳಚಿಬಿತ್ತು. ಆಗಲೂ ಕ್ಲಬ್ಬುಗಳ ಸದಸ್ಯರು ಚಿತ್ರ ತೆಗೆಯುತ್ತಲೇ ಇದ್ದರು ಎಂಬುದೇ ಆ ವಾದಕ್ಕೆ ನಾನು ಕೊಡುವ ಮೊದಲ ಸಾಕ್ಷ್ಯ.

ಕ್ಯಾಮೆರಾ ಕ್ಲಬ್ಬುಗಳ ಪರಿಚಯವಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಲಂಡನ್ನಿನಲ್ಲಿ ಹುಟ್ಟಿದ್ದು 1853ರಲ್ಲಿ. ಅದರ ಮರುವರ್ಷವೇ ಬೊಂಬಾಯಿಯಲ್ಲಿ, 1856ರಲ್ಲಿ ಕಲ್ಕತ್ತ ಮತ್ತು ಮದರಾಸಿನಲ್ಲಿ ಇಂಥ ಸಂಘಗಳು ತಲೆಯೆತ್ತಿದವು. ಛಾಯಾಗ್ರಹಣ ಹೊಸದಾಗಿದ್ದಾಗಲೇ ಅದನ್ನು ಕೂಡಿ ಕಲಿಯುವ ಅಭ್ಯಾಸ ನಮ್ಮ ದೇಶಕ್ಕೆ ಬಂದಿತ್ತು. ಚದುರಿಹೋಗಿದ್ದ ಕ್ಲಬ್ಬುಗಳನ್ನು ಒಂದು ಸೂರಿನಡಿ ತರಲು ಡಾ. ಜಿ. ಥಾಮಸ್ 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟವನ್ನು ಕಟ್ಟಿದರು. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ, ಅಂದರೆ ಛಾಯಾಗ್ರಾಹಕರ ಬಾಯಲ್ಲಿ ವೈಪಿಎಸ್, ಶುರುವಾದದ್ದು 1971ರಲ್ಲಿ. ಅದರ ಐವತ್ತನೆಯ ವರ್ಷ ಬಂದದ್ದು ಸರಿಯಾಗಿ ಕೋವಿಡ್ ಎರಡನೆಯ ಅಲೆಯ ವರ್ಷದಲ್ಲಿ. ಈ ಊರಿನಲ್ಲಿ ವಿದ್ಯೆ ಕೈಯಿಂದ ಕೈಗೆ ದಾಟಿದ ಪರಂಪರೆಯೊಂದಿದೆ. ವನ್ಯಜೀವಿ ಛಾಯಾಗ್ರಹಣದಲ್ಲಿ ದೊಡ್ಡ ಹೆಸರಾದ ಟಿ.ಎನ್.ಎ. ಪೆರುಮಾಳ್ ಕಲಿತದ್ದು ಕಾಲೇಜಿನಲ್ಲಲ್ಲ, ಒ.ಸಿ. ಎಡ್ವರ್ಡ್ಸ್ ಎಂಬ ಹಿರಿಯರ ಬಳಿ. ಪೆರುಮಾಳರಿಂದ ಕಲಿತವರು ಮುಂದೆ ಎಷ್ಟೋ ಮಂದಿ. ಛಾಯಾಗ್ರಹಣದ ಪದವಿಗಳು ಅಪರೂಪವಾಗಿದ್ದ ಕಾಲದಲ್ಲಿ ಬ್ಯಾಂಕಿನ ಗುಮಾಸ್ತರು, ಎಂಜಿನಿಯರುಗಳು, ಡಾಕ್ಟರುಗಳು, ಮೇಷ್ಟರುಗಳು ಇಂಥ ಬಳಗಗಳಲ್ಲೇ ಕಣ್ಣು ಪಳಗಿಸಿಕೊಂಡರು.

ಬಾಗಿಲು ಮುಚ್ಚಿದಾಗ ಸಭೆಗಳೇನೋ ಎಲ್ಲ ಕಡೆಯೂ ಝೂಮ್‌ಗೆ ಹೋದವು. ಅದರಲ್ಲಿ ವಿಶೇಷವಿಲ್ಲ, ಶಾಲೆ, ಕಚೇರಿ, ಮದುವೆ ಎಲ್ಲ ಹೋಗಿದ್ದವು. ಗಮನಿಸಬೇಕಾದ್ದು ಕ್ಲಬ್ಬಿನ ಕೈಯಲ್ಲಿ ಮೊದಲಿಂದಲೂ ಇದ್ದ ಇನ್ನೊಂದು ಸಾಧನವನ್ನು: ತಿಂಗಳ ವಿಷಯ. 'ಗಾಜು', 'ನೆರಳು', 'ಅಡುಗೆಮನೆ' ಎಂದು ಒಂದು ಪದ ಕೊಟ್ಟು, ಇಂಥ ದಿನದೊಳಗೆ ಇಂತಿಷ್ಟು ಚಿತ್ರ ಕಳಿಸಿ ಎನ್ನುವುದು ಹಳೆಯ ರೂಢಿ. ಹೊರಗೆ ಓಡಾಡುವ ಕಾಲದಲ್ಲಿ ಇದನ್ನು ಹೊಸಬರ ಕಸರತ್ತು ಎಂದು ಹಿರಿಯರು ಬದಿಗಿಡುತ್ತಿದ್ದುದುಂಟು. ಮನೆಯೊಳಗೇ ಉಳಿದಾಗ ಅದೇ ಆಸರೆಯಾಯಿತು. ಊದುಬತ್ತಿಯ ಹೊಗೆಯನ್ನೇ ತೆಗೆದುಕೊಳ್ಳಿ. ಹಿಂದೆ ಕಪ್ಪು ಶಾಲು ಇಳಿಬಿಟ್ಟು, ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಪಕ್ಕದಿಂದ ಫ್ಲಾಶ್ ಹೊಡೆಯಬೇಕು. ಬೆಳಕು ಶಾಲಿನ ಮೇಲೆ ಚೆಲ್ಲದಂತೆ ನಡುವೆ ಒಂದು ರಟ್ಟು. ಬತ್ತಿಯ ತುದಿಗೆ ಫೋಕಸ್ ಹಿಡಿದು ಕಾದರೆ, ಹೊಗೆ ಮೊದಲು ನೂಲಿನಂತೆ ನೆಟ್ಟಗೆ ಏರಿ, ಒಂದು ಎತ್ತರದಲ್ಲಿ ತಟ್ಟನೆ ಸುರುಳಿಗಟ್ಟಿ ಒಡೆಯುವುದು ಕಾಣುತ್ತದೆ. ಆ ಒಡೆಯುವ ಜಾಗ ಪ್ರತಿ ಸಲವೂ ಬೇರೆ. ಪಕ್ಕದ ಕೋಣೆಯಲ್ಲಿ ಯಾರೋ ಬಾಗಿಲು ಎಳೆದರೂ ಸಾಕು, ಆಕಾರ ಬದಲಾಗುತ್ತದೆ. ಇನ್ನೊಂದು ಪ್ರಯೋಗಕ್ಕೆ ಲ್ಯಾಪ್‌ಟಾಪಿನ ಬಿಳಿ ಪರದೆ ಬೇಕು. ಎಲ್‌ಸಿಡಿ ಪರದೆಯಿಂದ ಹೊರಡುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುವಂಥದು. ಅದರ ಮುಂದೆ ಮಕ್ಕಳ ಕಂಪಾಸ್ ಬಾಕ್ಸಿನ ಪಾರದರ್ಶಕ ಸ್ಕೇಲು ಹಿಡಿದು, ಲೆನ್ಸಿನ ಪೋಲರೈಸಿಂಗ್ ಫಿಲ್ಟರನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿದರೆ, ಸ್ಕೇಲಿನ ಮೈತುಂಬ ನೇರಳೆ, ಹಳದಿ, ಹಸಿರು ಪಟ್ಟಿಗಳು ಏಳುತ್ತವೆ. ಅಚ್ಚಿನಲ್ಲಿ ಎರಕ ಹೊಯ್ದಾಗ ಪ್ಲಾಸ್ಟಿಕ್ಕಿನೊಳಗೆ ಸಿಕ್ಕಿಹಾಕಿಕೊಂಡ ಒತ್ತಡದ ನಕ್ಷೆಯದು.

ಇವೆಲ್ಲ ಹೊತ್ತು ಕಳೆಯುವ ಆಟಗಳು ಎನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಏನನ್ನು ಬೇಕಾದರೂ ತೆಗೆಯಿರಿ ಎಂದರೆ ಏನನ್ನೂ ತೆಗೆಯದೆ ಕೂರುವವರೇ ಹೆಚ್ಚು. ದಿನಗಳೆಲ್ಲ ಒಂದೇ ಬಗೆಯಾದಾಗ ಇದು ಇನ್ನೂ ನಿಜ. ವಿಷಯ ಕಣ್ಣಿಗೆ ಒಂದು ಅಂಕೆ ಹಾಕುತ್ತದೆ, ಕೊನೆಯ ದಿನಾಂಕ ಮೈಗಳ್ಳತನಕ್ಕೆ ತಡೆ ಒಡ್ಡುತ್ತದೆ. ಆದರೆ ಇವೆರಡೂ ಕೆಲಸ ಮಾಡುವುದು ಮೂರನೆಯದೊಂದು ಇದ್ದಾಗ ಮಾತ್ರ. ಆ ದಿನಾಂಕದಂದು ಬಲ್ಲವರೊಬ್ಬರು ಈ ಚಿತ್ರವನ್ನು ನಿಜವಾಗಿ ನೋಡುತ್ತಾರೆ ಎಂಬ ಖಾತರಿ ಇರಬೇಕು. ಕ್ಯಾಲೆಂಡರಿನಲ್ಲಿ ನಾವೇ ಗುರುತು ಹಾಕಿಕೊಂಡ ದಿನಾಂಕವನ್ನು ದಾಟಿಸುವುದು ಸುಲಭ. ಎಂಟು ಮಂದಿ ಕಾಯುತ್ತಿರುವ ದಿನಾಂಕವನ್ನು ದಾಟಿಸುವುದು ಕಷ್ಟ.

ಕಲೆಗೆ ಏಕಾಂತವೇ ತವರಲ್ಲವೇ, ಗುಂಪೇಕೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು, ಏಕೆಂದರೆ ಉಳಿದಿರುವ ಫೋಟೊಗಳಲ್ಲಿ ಅತ್ಯಂತ ಹಳೆಯದೇ ಕಿಟಕಿಯಿಂದ ತೆಗೆದದ್ದು. 1826–27ರ ಸುಮಾರಿಗೆ ಫ್ರಾನ್ಸಿನ ನೀಪ್ಸ್ ತನ್ನ ಮನೆಯ ಮೇಲಂತಸ್ತಿನಿಂದ ಹಿಡಿದ ಮಾಡುಗಳ ಚಿತ್ರ. ಕಿಟಕಿಯ ಮಹಾಶಿಲ್ಪಿ ಎನ್ನಬಹುದಾದ ಜೋಸೆಫ್ ಸುಡೆಕ್ ಪ್ರಾಗ್ ನಗರದವನು. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವನು. ಎರಡನೆಯ ಯುದ್ಧದಲ್ಲಿ ಊರು ಜರ್ಮನರ ವಶವಾಗಿದ್ದಾಗ, 1940ರಿಂದ, ತನ್ನ ಸ್ಟುಡಿಯೋದ ಕಿಟಕಿಯನ್ನೇ ಚಿತ್ರಿಸತೊಡಗಿ ಹದಿನಾಲ್ಕು ವರ್ಷ ಅದನ್ನು ಬಿಡಲಿಲ್ಲ. ಬೆವೆತ ಗಾಜು, ಆಚೆ ಸೊಟ್ಟ ಮರ, ಕಿಟಕಿಯ ಕಟ್ಟೆಯ ಮೇಲೊಂದು ಲೋಟ, ಅಷ್ಟೇ. ಒಂಟಿತನದ ಕಲೆ ಎಂದು ಇದನ್ನು ಹೊಗಳುವವರು ಮರೆಯುವ ಸಂಗತಿಯೆಂದರೆ, ಅದೇ ಸುಡೆಕ್ 1924ರಲ್ಲಿ ಗೆಳೆಯರೊಂದಿಗೆ ಸೇರಿ ಚೆಕ್ ಫೋಟೊಗ್ರಾಫಿಕ್ ಸೊಸೈಟಿಯನ್ನು ಕಟ್ಟಿದವನು. ಕ್ಲಬ್ಬುಗಳ ಒಳಜಗಳವನ್ನೂ ವಾದವನ್ನೂ ಉಂಡವನು. 1930ರಲ್ಲಿ ತಗಡಿನ ಆಲಿಕೆಯೊಳಗೆ ಒಂದು ದೊಣ್ಣೆಮೆಣಸಿನಕಾಯಿ ಇಟ್ಟು ಅಜರಾಮರ ಚಿತ್ರ ತೆಗೆದ ಎಡ್ವರ್ಡ್ ವೆಸ್ಟನ್ ಎರಡೇ ವರ್ಷದಲ್ಲಿ 'ಎಫ್/64' ಗುಂಪಿನ ಸ್ಥಾಪಕರಲ್ಲಿ ಒಬ್ಬನಾದ. ನನ್ನ ವಾದಕ್ಕೆ ಒಗ್ಗದ ಉದಾಹರಣೆಯೂ ಇದೆ: ಆಂಡ್ರೆ ಕೆರ್ಟೆಸ್. 1977ರಲ್ಲಿ ಹೆಂಡತಿ ತೀರಿಕೊಂಡ ಮೇಲೆ, ಎಂಬತ್ತು ದಾಟಿದ ಈತ ನ್ಯೂಯಾರ್ಕಿನ ತನ್ನ ಫ್ಲ್ಯಾಟಿನ ಕಿಟಕಿಯಲ್ಲಿ ಅವಳ ಕತ್ತು-ಭುಜದ ಬಾಗನ್ನು ನೆನಪಿಸುವ ಗಾಜಿನ ಪುಟ್ಟ ಮೂರ್ತಿಯೊಂದನ್ನಿಟ್ಟು ಪೋಲರಾಯ್ಡ್‌ನಲ್ಲಿ ಚಿತ್ರಿಸುತ್ತ ಹೋದ. ಯಾವ ಕ್ಲಬ್ಬಿನ ಹಂಗೂ ಅವನಿಗಿರಲಿಲ್ಲ. ಆದರೆ ಅವನ ಬೆನ್ನಿಗೆ ಅರವತ್ತಕ್ಕೂ ಹೆಚ್ಚು ವರ್ಷಗಳ ಸಾಧನೆಯಿತ್ತು, ಅದು ಅವನೊಳಗೇ ಒಬ್ಬ ವಿಮರ್ಶಕನನ್ನು ಬೆಳೆಸಿತ್ತು. ಹವ್ಯಾಸಿಯ ಒಳಗೆ ಆ ಕಠಿಣ ವಿಮರ್ಶಕ ಇನ್ನೂ ಬೆಳೆದಿರುವುದಿಲ್ಲ. ಅವನು ಬೆಳೆಯುವವರೆಗೆ ಹೊರಗಿನ ಕಣ್ಣೊಂದನ್ನು ಎರವಲು ಪಡೆಯಲೇಬೇಕು.

ಆ ಹೊರಗಿನ ಕಣ್ಣು ಇನ್‌ಸ್ಟಾಗ್ರಾಮಿನಲ್ಲಿ ಸಾವಿರಗಟ್ಟಲೆ ಸಿಗುತ್ತದೆ, ಕ್ಲಬ್ಬಿನ ಚಂದಾ ಏಕೆ ಕಟ್ಟಬೇಕು ಎನ್ನುವುದು ಈಚಿನ ಆಕ್ಷೇಪ. ಅಲ್ಲಿ ಸಿಗುವುದು ಮೆಚ್ಚುಗೆ; ಮೆಚ್ಚದವರು ಮಾತಿಲ್ಲದೆ ಮುಂದೆ ಸರಿದುಬಿಡುತ್ತಾರೆ. ಹೀಗೆ ಸರಿದುಹೋದವರಿಂದ ಕಲಿಯಬಹುದಾದ್ದು ಏನೂ ಇಲ್ಲ. ಕ್ಲಬ್ಬಿನಲ್ಲಿ ಮೆಚ್ಚದವರೂ ಕಾರಣ ಹೇಳಬೇಕು, ಮುಂದಿನ ತಿಂಗಳು ಅದೇ ಮನುಷ್ಯನ ಮುಖ ನೋಡಬೇಕು. ಈ ಹೊಣೆಯಿಂದಲೇ ಮಾತಿಗೆ ತೂಕ ಬರುತ್ತದೆ. ಮೇಲಾಗಿ, ಹಿಂದಿನ ವರ್ಷ ನಾವು ಎಂಥ ಚಿತ್ರ ತೆಗೆಯುತ್ತಿದ್ದೆವು ಎಂಬ ನೆನಪು ಕ್ಲಬ್ಬಿನವರಿಗಿರುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ, ಅದನ್ನು ನಾನು ಬಹುಪಾಲು ಒಪ್ಪುತ್ತೇನೆ. ಕ್ಲಬ್ಬುಗಳು ಎಲ್ಲರ ಕಣ್ಣನ್ನೂ ಒಂದೇ ಅಚ್ಚಿಗೆ ಹೊಯ್ಯುತ್ತವೆ ಎಂಬುದು ಆ ದೂರು. ಧೂಳೆಬ್ಬಿಸಿ ಬರುವ ಕುರಿಮಂದೆ, ಎದುರುಬಿಸಿಲು, ಪೇಟ ಸುತ್ತಿದ ಮುದುಕ. ನಮ್ಮ ಸಲಾನ್‌ಗಳ, ಅಂದರೆ ಸ್ಪರ್ಧಾ ಪ್ರದರ್ಶನಗಳ ಗೋಡೆಗಳಲ್ಲಿ ಈ ಚಿತ್ರ ದಶಕಗಳಿಂದ ಮರಳಿ ಮರಳಿ ಬಂದಿದೆ. ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್ ಕೊಡುವ ಬಿರುದುಗಳಿಗೆ ಇಂತಿಷ್ಟು ಸಲಾನ್‌ಗಳಲ್ಲಿ ಇಂತಿಷ್ಟು ಚಿತ್ರ ಆಯ್ಕೆಯಾಗಿರಬೇಕು ಎಂಬ ಲೆಕ್ಕವಿದೆ. ಲೆಕ್ಕ ಬಂದಲ್ಲಿ ಗೆದ್ದ ಚಿತ್ರದ ನಕಲೂ ಬರುತ್ತದೆ. ದುಡ್ಡು ಕೊಟ್ಟು ಹಳ್ಳಿಯವರನ್ನು ನಿಲ್ಲಿಸಿ, ಧೂಳು ತೂರಿಸಿ, ಬಸ್ಸಿನಲ್ಲಿ ಬಂದವರೆಲ್ಲ ಒಂದೇ ಕೋನದಿಂದ ಹೊಡೆದುಕೊಂಡು ಹೋಗುವ ಪ್ರವಾಸಗಳು ಹುಟ್ಟಿದ್ದು ಹೀಗೆ. ಲಾಕ್‌ಡೌನ್ ಈ ಪ್ರವಾಸಗಳನ್ನೇ ನಿಲ್ಲಿಸಿತು. ಪ್ರತಿಯೊಬ್ಬರ ಕೈಗೆ ಸಿಕ್ಕಿದ್ದು ಅವರವರ ಮನೆ ಮಾತ್ರ, ಮತ್ತು ಎರಡು ಮನೆಗಳ ಬೆಳಕು ಒಂದೇ ಥರ ಇರುವುದಿಲ್ಲ. ಮಲ್ಲೇಶ್ವರದ ಹಳೆಯ ಮನೆಯ ಗವಾಕ್ಷಿಯಿಂದ ಮಧ್ಯಾಹ್ನ ಇಳಿಯುವ ಕೋಲುಬಿಸಿಲಿಗೂ ಹನ್ನೆರಡನೆಯ ಮಹಡಿಯ ಬಾಲ್ಕನಿಗೆ ಎದುರು ಕಟ್ಟಡದ ಗಾಜಿನಿಂದ ಬಂದು ಬೀಳುವ ಬೆಳಕಿಗೂ ಹೋಲಿಕೆಯೇ ಇಲ್ಲ. ಕ್ಲಬ್ಬಿನ ರೋಗ ಕ್ಲಬ್ಬಿನ ಸ್ವಭಾವದಲ್ಲಿಲ್ಲ, ಅದು ಪಾಯಿಂಟುಗಳ ಹಿಂದೆ ಬಿದ್ದುದರಲ್ಲಿದೆ ಎಂದು ಆ ತಿಂಗಳುಗಳು ತೋರಿಸಿದವು. ಪ್ರವಾಸದ ಬಸ್ಸುಗಳು ಮತ್ತೆ ಹೊರಟಿರುವ ಈಗ ಇದನ್ನು ಮರೆಯುವುದು ದೊಡ್ಡ ನಷ್ಟ.

ಅದೇ ಲಾಕ್‌ಡೌನಿನಲ್ಲಿ ಹೆದ್ದಾರಿಗಳ ಮೇಲೆ ಕೂಲಿಕಾರರು ಹೊರೆ ಹೊತ್ತು ನೂರಾರು ಮೈಲಿ ನಡೆಯುತ್ತಿದ್ದಾಗ ಊದುಬತ್ತಿಯ ಹೊಗೆ ಚಿತ್ರಿಸುವುದು ಉಳ್ಳವರ ವಿಲಾಸ ಅಲ್ಲವೇ ಎಂಬ ಪ್ರಶ್ನೆ ಮನಸ್ಸಿಗೆ ಚುಚ್ಚುವಂಥದು. ಆ ನಡಿಗೆಯನ್ನು ದಾಖಲಿಸಿದ ಪತ್ರಿಕಾ ಛಾಯಾಗ್ರಾಹಕರ ಕೆಲಸದ ಮುಂದೆ ಇದನ್ನು ಇಡಲಾಗದು, ಇಡಲೂಬಾರದು. ಆದರೂ ಎರಡು ಮಾತು ಹೇಳಬೇಕು. ಕ್ಲಬ್ಬುಗಳಲ್ಲಿ ನಿವೃತ್ತರ ಸಂಖ್ಯೆ ದೊಡ್ಡದು. ಅರವತ್ತೈದು ದಾಟಿದವರು ಮನೆಯಲ್ಲೇ ಇರಬೇಕೆಂದು ಸರ್ಕಾರದ ಮಾರ್ಗಸೂಚಿಯೇ ಹೇಳಿತ್ತು. ಮಕ್ಕಳು ದೂರದ ಊರಲ್ಲಿ, ನೆರೆಯವರು ಬಾಗಿಲಾಚೆ ಇರುವಾಗ ಅವರಿಗೆ ನಾಳೆ ಮಾಡಬೇಕಾದ ಒಂದು ಕೆಲಸವಿರುವುದು ಚಿಕ್ಕ ವಿಷಯವಲ್ಲ. ಇನ್ನೊಂದು, ಒಳಮನೆಯ ಬದುಕೂ ಆ ಕಾಲದ ಚರಿತ್ರೆಯೇ. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ 2020ರ ಮೇ ತಿಂಗಳಲ್ಲಿ 'ಹೋಲ್ಡ್ ಸ್ಟಿಲ್' ಹೆಸರಿನಲ್ಲಿ ಜನಸಾಮಾನ್ಯರಿಂದ ಲಾಕ್‌ಡೌನ್ ಚಿತ್ರಗಳನ್ನು ಕೇಳಿದಾಗ 31,000ಕ್ಕೂ ಹೆಚ್ಚು ಬಂದವು; ಅವುಗಳಲ್ಲಿ 100ನ್ನು ಆರಿಸಿ ಪ್ರದರ್ಶಿಸಿದರು. ನಮ್ಮ ಕ್ಲಬ್ಬುಗಳ ಹಾರ್ಡ್ ಡಿಸ್ಕುಗಳಲ್ಲಿ ಬಿದ್ದಿರುವ ಅಂಥ ಚಿತ್ರಗಳನ್ನು ದಿನಾಂಕ, ಊರು, ವಿವರ ಸಮೇತ ಒಟ್ಟುಮಾಡಿ ಒಂದು ಗ್ರಂಥಾಲಯಕ್ಕೋ ವಸ್ತುಸಂಗ್ರಹಾಲಯಕ್ಕೋ ಒಪ್ಪಿಸುವ ಕೆಲಸ ಆಗಬೇಕು.

ಝೂಮ್ ಪರದೆಯ ಮೇಲಿನ ಕೂಟದಲ್ಲಿ ನಿಜವಾಗಿ ಕಳೆದುಹೋದದ್ದು ಪ್ರಿಂಟು. ಕಪ್ಪು-ಬಿಳುಪು ಪ್ರಿಂಟೊಂದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿದಾಗ ಗಾಢ ನೆರಳಿನೊಳಗೆ ಇನ್ನೇನಿದೆ ಎಂದು ಕಾಣುತ್ತದೆ. ಮೊಬೈಲಿನ ಪರದೆಯಲ್ಲಿ ಅದು ಬರೀ ಕಪ್ಪು. ಒಬ್ಬೊಬ್ಬರ ಪರದೆಯ ಬಣ್ಣ ಒಂದೊಂದು ಥರ ಇರುವಾಗ ಛಾಯೆಯ ಚರ್ಚೆಗೆ ಅರ್ಥವೂ ಕಡಿಮೆ. ಇದಕ್ಕೆ ಪರಿಹಾರ ಹೊಸದಾಗಿ ಹುಡುಕಬೇಕಿಲ್ಲ. 1861ರಲ್ಲಿ ಅಮೆರಿಕದ ಕೆಲವು ಹವ್ಯಾಸಿಗಳು 'ಅಮೆಚೂರ್ ಫೋಟೊಗ್ರಾಫಿಕ್ ಎಕ್ಸ್‌ಚೇಂಜ್ ಕ್ಲಬ್' ಕಟ್ಟಿಕೊಂಡು ತಾವು ತೆಗೆದ ಚಿತ್ರಗಳನ್ನು ಒಬ್ಬರಿಗೊಬ್ಬರು ಅಂಚೆಯಲ್ಲಿ ಕಳಿಸಿಕೊಳ್ಳುತ್ತಿದ್ದರು. ಬ್ರಿಟನ್ನಿನಲ್ಲಿ ಮುಂದೆ ಅಂಚೆ ಕ್ಲಬ್ಬುಗಳೇ ಹುಟ್ಟಿದವು: ಪ್ರಿಂಟುಗಳ ಪೆಟ್ಟಿಗೆಯೊಂದು ಸದಸ್ಯರ ಮನೆಯಿಂದ ಮನೆಗೆ ಸುತ್ತುತ್ತದೆ, ಬಂದಾಗ ಪ್ರತಿ ಚಿತ್ರಕ್ಕೂ ವಿಮರ್ಶೆ ಬರೆದು, ತಮ್ಮ ಹಳೆಯ ಪ್ರಿಂಟು ತೆಗೆದು ಹೊಸದನ್ನಿಟ್ಟು ಮುಂದೆ ಕಳಿಸಬೇಕು. ಈ ವ್ಯವಸ್ಥೆ ಕರ್ನಾಟಕಕ್ಕೆ ಹೇಳಿ ಮಾಡಿಸಿದಂತಿದೆ. ಬೆಂಗಳೂರಿನ ಸಭೆಗೆ ಬರಲಾಗದ ಶಿರಸಿಯ ಮೇಷ್ಟರು, ಸಂಡೂರಿನ ಗಣಿ ನೌಕರರು, ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಕದಲಲಾಗದ ಹುಬ್ಬಳ್ಳಿಯ ಗೃಹಿಣಿ, ಇವರಿಗೆಲ್ಲ ಲಾಕ್‌ಡೌನ್ ಮುಗಿದ ಮೇಲೂ ಕ್ಲಬ್ಬಿನ ಬಾಗಿಲು ಮುಚ್ಚಿಯೇ ಇದೆ. ಹತ್ತು ಸದಸ್ಯರು, ತಲಾ ಒಂದು ಎಂಟು-ಹತ್ತಂಗುಲದ ಪ್ರಿಂಟು, ಒಂದು ಗಟ್ಟಿ ರಟ್ಟಿನ ಪೆಟ್ಟಿಗೆ, ಒಂದು ನೂರು ಪುಟದ ನೋಟ್‌ಬುಕ್, ಸ್ಪೀಡ್‌ಪೋಸ್ಟಿನ ಖರ್ಚು. ಮೊಬೈಲಿನಲ್ಲಿ ತೆಗೆದ ಚಿತ್ರವಾದರೂ ಸರಿ, ಆ ಅಳತೆಗೆ ಚೆನ್ನಾಗಿಯೇ ಬರುತ್ತದೆ. ನಿಯಮ ಎರಡೇ ಸಾಕು: ಪೆಟ್ಟಿಗೆ ಕೈಸೇರಿದ ಒಂದು ವಾರದೊಳಗೆ ಮುಂದಿನವರಿಗೆ ರವಾನಿಸಬೇಕು, ಮತ್ತು 'ಚೆನ್ನಾಗಿದೆ' ಎಂದು ಬರೆದವರು ಏಕೆ ಚೆನ್ನಾಗಿದೆ ಎಂಬುದನ್ನೂ ಬರೆಯಬೇಕು.