ಹುಡುಕಾಟದಿಂದ ಉದ್ಯಮಕ್ಕೆ

ಲಕ್ಷಾಂತರ ಪುಸ್ತಕಗಳಿರುವ ಗ್ರಂಥಾಲಯದಲ್ಲಿಯೂ ನಮಗೆ ಬೇಕಾದ ಪುಸ್ತಕವನ್ನು ಕೆಲವೇ ನಿಮಿಷಗಳಲ್ಲಿ ಹುಡುಕಿ ತೆಗೆಯಬಹುದು. ಗ್ರಂಥಪಾಲಕನು ಪ್ರತಿಯೊಂದು ಪುಸ್ತಕಕ್ಕೂ ಒಂದು ಸಂಖ್ಯೆಯನ್ನು ಕೊಟ್ಟು, ವಿಷಯಾನುಸಾರವಾಗಿ ಜೋಡಿಸಿ, ಸೂಚೀಪಟ್ಟಿಯನ್ನು ಸಿದ್ಧಪಡಿಸಿರುವುದೇ ಇದಕ್ಕೆ ಕಾರಣ. ಆದರೆ ಗ್ರಂಥಪಾಲಕನೇ ಇಲ್ಲದ, ಯಾರು ಬೇಕಾದರೂ ಬಂದು ತಮಗೆ ತೋಚಿದ ಪುಸ್ತಕವನ್ನು ತೋಚಿದ ಕಡೆ ಇರಿಸಿ ಹೋಗುವ ಗ್ರಂಥಾಲಯವೊಂದನ್ನು ಊಹಿಸಿಕೊಳ್ಳಿ. 1990ರ ದಶಕದಲ್ಲಿ ಅಂತರಜಾಲದ ಸ್ಥಿತಿ ಹೆಚ್ಚುಕಡಮೆ ಹೀಗೆಯೇ ಇತ್ತು. ದಿನದಿನಕ್ಕೂ ಹೊಸ ಪುಟಗಳು ಬಂದು ಸೇರುತ್ತಿದ್ದುವು. ಯಾವುದು ಎಲ್ಲಿದೆ, ಯಾವುದು ನಂಬಲು ಯೋಗ್ಯ ಎಂಬುದನ್ನು ಸಮರ್ಪಕವಾಗಿ ತಿಳಿಸುವ ಸಾಧನವಿರಲಿಲ್ಲ.

ಈ ಕೊರತೆಯನ್ನು ನೀಗಲು ಹೊರಟವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಜೆರ್ರಿ ಯಾಂಗ್ ಮತ್ತು ಡೇವಿಡ್ ಫೈಲೋ ಎಂಬಿಬ್ಬರು 1994ರಲ್ಲಿ ತಮಗೆ ಮೆಚ್ಚಿಗೆಯಾದ ಪುಟಗಳನ್ನು ವಿಷಯವಾರು ವಿಂಗಡಿಸಿ ಪಟ್ಟಿಮಾಡತೊಡಗಿದರು. ಆ ಪಟ್ಟಿಯನ್ನು ನೋಡಲು ಜನ ಮುಗಿಬಿದ್ದುದರಿಂದ ವಿಶ್ವವಿದ್ಯಾನಿಲಯದ ಕಂಪ್ಯೂಟರುಗಳ ಮೇಲೆ ವಿಪರೀತ ಭಾರ ಬಿದ್ದು, ಅದನ್ನು ಬೇರೆಡೆಗೆ ಸಾಗಿಸಬೇಕಾಯಿತು. 1995ರ ಮಾರ್ಚ್ ತಿಂಗಳಲ್ಲಿ ಅದೇ ಯಾಹೂ ಎಂಬ ಸಂಸ್ಥೆಯಾಗಿ ನೋಂದಣಿಯಾಯಿತು. ಆದರೆ ಮನುಷ್ಯರು ಕುಳಿತು ತಯಾರಿಸುವ ಪಟ್ಟಿಗೆ ಮಿತಿಯುಂಟು. ಪುಟಗಳು ಕೋಟಿಗಟ್ಟಲೆ ಹೆಚ್ಚಿದಾಗ ಎಷ್ಟು ಮಂದಿ ಕುಳಿತು ಓದಿದರೂ ಸಾಲದು. ಯಂತ್ರದಿಂದಲೇ ಹುಡುಕಿಸುವ ಸಂಸ್ಥೆಗಳೂ ಆಗ ಇದ್ದುವು. ಹುಡುಕುವ ಪದ ಒಂದು ಪುಟದಲ್ಲಿ ಎಷ್ಟು ಬಾರಿ, ಎಲ್ಲೆಲ್ಲಿ ಬಂದಿದೆ ಎಂಬುದನ್ನೇ ಅವು ಮುಖ್ಯವಾಗಿ ಲೆಕ್ಕಿಸುತ್ತಿದ್ದುವು. ಇದರಿಂದ ಒಂದೇ ಪದವನ್ನು ನೂರು ಸಲ ಬರೆದಿಟ್ಟ ನಿಷ್ಪ್ರಯೋಜಕ ಪುಟವೂ ಮೊದಲ ಸ್ಥಾನಕ್ಕೇರುವುದು ಸಾಧ್ಯವಿತ್ತು.

1995ರಲ್ಲಿ ಲ್ಯಾರಿ ಪೇಜ್ ಎಂಬ ತರುಣರು ಡಾಕ್ಟರೇಟ್ ವ್ಯಾಸಂಗಕ್ಕಾಗಿ ಇದೇ ವಿಶ್ವವಿದ್ಯಾನಿಲಯಕ್ಕೆ ಬಂದರು. ಇವರ ತಂದೆ ಮಿಷಿಗನ್ನಿನಲ್ಲಿ ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕರು. ಆವರಣವನ್ನು ನೋಡಲು ಬಂದಿದ್ದಾಗ ಇವರಿಗೆ ಅದನ್ನು ಸುತ್ತಿ ತೋರಿಸಿದವರು ಸರ್ಗೇ ಬ್ರಿನ್. ಮಾಸ್ಕೋದಲ್ಲಿ ಹುಟ್ಟಿ, 1979ರಲ್ಲಿ ತಾಯಿತಂದೆಗಳೊಡನೆ ಅಮೆರಿಕಕ್ಕೆ ಬಂದಿದ್ದ ಬ್ರಿನ್ ಅದಾಗಲೇ ಎರಡು ವರ್ಷಗಳಿಂದ ಅಲ್ಲಿ ಓದುತ್ತಿದ್ದರು. ಇಬ್ಬರೂ 1973ರಲ್ಲಿ ಜನಿಸಿದವರು. ಇಬ್ಬರಿಗೂ ವಾದಮಾಡುವುದರಲ್ಲಿ ಆಸಕ್ತಿ.

ಅಂತರಜಾಲದ ಒಂದು ಪುಟದಿಂದ ಇನ್ನೊಂದಕ್ಕೆ ಹೋಗಲು ಕೊಂಡಿಗಳಿರುತ್ತವೆ. ಒಂದು ಪುಟದಿಂದ ಹೊರಡುವ ಕೊಂಡಿಗಳನ್ನು ನೋಡುವುದು ಸುಲಭ. ಆದರೆ ಆ ಪುಟಕ್ಕೆ ಬೇರೆ ಯಾರು ಯಾರು ಕೊಂಡಿ ಹಾಕಿದ್ದಾರೆ? ಪೇಜರ ಮನಸ್ಸನ್ನು ಹಿಡಿದದ್ದು ಈ ಪ್ರಶ್ನೆ. ವಿದ್ವಾಂಸರ ಪ್ರಬಂಧವನ್ನು ಇತರ ವಿದ್ವಾಂಸರು ಎಷ್ಟು ಉಲ್ಲೇಖಿಸುತ್ತಾರೆಂಬುದರಿಂದ ಅದರ ಬೆಲೆಯನ್ನು ಅಳೆಯುವುದು ರೂಢಿಯಲ್ಲಿದೆ. ಕೊಂಡಿಯೂ ಒಂದು ಬಗೆಯ ಉಲ್ಲೇಖವೇ. ಆದರೆ ಎಲ್ಲ ಉಲ್ಲೇಖಗಳೂ ಸಮಾನವಲ್ಲ. ಊರಿನಲ್ಲಿ ಒಬ್ಬ ವೈದ್ಯರನ್ನು ದಾರಿಹೋಕರು ಹತ್ತು ಮಂದಿ ಹೊಗಳುವುದಕ್ಕಿಂತ, ಹಿರಿಯ ವೈದ್ಯರೊಬ್ಬರು ಮೆಚ್ಚಿ ನುಡಿಯುವ ಒಂದು ಮಾತಿಗೆ ತೂಕ ಹೆಚ್ಚು. ಹಾಗಾದರೆ ಆ ಹಿರಿಯರ ತೂಕವನ್ನು ತಿಳಿಯುವುದು ಹೇಗೆ? ಅವರನ್ನು ಮೆಚ್ಚಿದವರ ತೂಕದಿಂದ. ಕೊನೆಯಿಲ್ಲದಂತೆ ಕಾಣುವ ಈ ಸುತ್ತನ್ನು ಬಿಡಿಸಲು ಗಣಿತದಲ್ಲಿ ಉಪಾಯವಿದೆ.

ಕ, ಖ, ಗ ಎಂಬ ಮೂರೇ ಪುಟಗಳಿವೆಯೆಂದು ಭಾವಿಸೋಣ. ಕ ಪುಟವು ಖ ಮತ್ತು ಗ ಎರಡಕ್ಕೂ ಕೊಂಡಿ ಹಾಕಿದೆ; ಖ ಪುಟವು ಗ ಒಂದಕ್ಕೆ; ಗ ಪುಟವು ಕ ಒಂದಕ್ಕೆ. ಮೊದಲು ಮೂರಕ್ಕೂ ಒಂದೊಂದು ಅಂಕವನ್ನು ಕೊಡೋಣ. ಪ್ರತಿಯೊಂದು ಪುಟವೂ ತನ್ನ ಅಂಕವನ್ನು ತಾನು ಕೊಂಡಿ ಹಾಕಿದ ಪುಟಗಳಿಗೆ ಸಮನಾಗಿ ಹಂಚಲಿ. ಮೊದಲ ಸುತ್ತು ಮುಗಿದಾಗ ಕ ಪುಟಕ್ಕೆ 1, ಖ ಪುಟಕ್ಕೆ ಅರ್ಧ, ಗ ಪುಟಕ್ಕೆ ಒಂದೂವರೆ ಅಂಕ ದೊರೆಯುತ್ತದೆ. ಹೀಗೆಯೇ ಮತ್ತೆ ಮತ್ತೆ ಹಂಚುತ್ತ ಹೋದರೆ ಏರಿಳಿತ ಕಡಮೆಯಾಗಿ, ಕೊನೆಗೆ ಕ ಪುಟಕ್ಕೆ 1.2, ಖ ಪುಟಕ್ಕೆ 0.6, ಗ ಪುಟಕ್ಕೆ 1.2 ಎಂದು ನಿಲ್ಲುತ್ತದೆ. ಕಾಗದದ ಮೇಲೆ ಏಳೆಂಟು ಸುತ್ತು ಮಾಡಿ ನೋಡಿದರೆ ಇದು ತಾನೇ ಮನದಟ್ಟಾದೀತು. ಗ ಪುಟಕ್ಕೆ ಬಂದ ಕೊಂಡಿಗಳು ಎರಡು, ಕ ಪುಟಕ್ಕೆ ಒಂದೇ. ಆದರೂ ಎರಡಕ್ಕೂ ಸಮಾನ ಸ್ಥಾನ ದೊರೆತಿದೆ. ಕ ಪುಟಕ್ಕೆ ಬಂದ ಆ ಒಂದು ಕೊಂಡಿ ತೂಕವುಳ್ಳ ಪುಟದಿಂದ ಬಂದಿರುವುದೇ ಇದರ ಗುಟ್ಟು. ಪೇಜ್ ಮತ್ತು ಬ್ರಿನ್ ರಚಿಸಿದ ಸೂತ್ರದಲ್ಲಿ ಇನ್ನೂ ಕೆಲವು ಅಂಶಗಳು ಸೇರಿವೆ. ತಿರುಳು ಮಾತ್ರ ಇಷ್ಟೆ.

ಮೂರು ಪುಟಗಳಿಗೆ ಪೆನ್ಸಿಲು ಸಾಕು; ಕೋಟಿ ಪುಟಗಳಿಗೆ ಸಾಲದು. 1996ರಲ್ಲಿ ಇವರು ಬರೆದ ಕಾರ್ಯಕ್ರಮವು ಪೇಜರ ಸ್ವಂತ ಪುಟದಿಂದ ಹೊರಟು, ಕೊಂಡಿಯಿಂದ ಕೊಂಡಿಗೆ ದಾಟುತ್ತ ಪುಟಗಳನ್ನು ತಂದು ಕೂಡಿಸತೊಡಗಿತು. ತಂದುದನ್ನು ಇಡಲು ಸ್ಥಳ ಬೇಕು. ಬೆಲೆಯುಳ್ಳ ಯಂತ್ರಗಳನ್ನು ಕೊಳ್ಳಲು ವಿದ್ಯಾರ್ಥಿಗಳ ಬಳಿ ಹಣವೆಲ್ಲಿಯದು? ಅಲ್ಲಿ ಇಲ್ಲಿ ದೊರೆತ, ದಾನವಾಗಿ ಬಂದ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿದರು. ತಲಾ 4 ಗಿಗಾಬೈಟಿನ 10 ಡಿಸ್ಕುಗಳನ್ನು ಇರಿಸಲು, ಮಕ್ಕಳು ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಪೆಟ್ಟಿಗೆಯೊಂದನ್ನು ಕಟ್ಟಿದರು. ಇಂದು ಸಾಮಾನ್ಯ ಮೊಬೈಲ್ ಫೋನಿನಲ್ಲಿಯೂ ಅದಕ್ಕಿಂತ ಹೆಚ್ಚು ಸ್ಥಳವಿರುತ್ತದೆ. ಅಗ್ಗದ ಯಂತ್ರಗಳನ್ನು ಕೂಡಿಸಿ ದೊಡ್ಡ ಯಂತ್ರದ ಕೆಲಸವನ್ನು ಮಾಡಿಸುವ ಈ ಕೌಶಲ ಬಡತನದಿಂದ ಕಲಿತದ್ದು. ಮುಂದೆ ಸಂಸ್ಥೆಯ ದೊಡ್ಡ ಬಲವಾದುದೂ ಅದೇ.

ಜಮ್ಮುವಿನಲ್ಲಿ ಹುಟ್ಟಿ ಕಾನ್ಪುರದ ಐ.ಐ.ಟಿ.ಯಲ್ಲಿ ಓದಿದ ಪ್ರಾಧ್ಯಾಪಕ ರಾಜೀವ್ ಮೋಟ್ವಾನಿ ಮತ್ತು ಟೆರ್ರಿ ವಿನೊಗ್ರಾಡ್ ಇವರಿಗೆ ಮಾರ್ಗದರ್ಶಕರಾಗಿದ್ದರು. ಹುಡುಕಾಟದ ಯಂತ್ರವು ವಿಶ್ವವಿದ್ಯಾನಿಲಯದ ಜಾಲಸಂಪರ್ಕದ ದೊಡ್ಡ ಪಾಲನ್ನೇ ನುಂಗುತ್ತಿದ್ದರೂ ಗುರುಗಳು ಅದನ್ನು ನಿಲ್ಲಿಸಲಿಲ್ಲ. ಈ ಸಹನೆ ಎಷ್ಟೋ ಧನಸಹಾಯಕ್ಕೆ ಸಮ.

ಉದ್ಯಮಿಗಳಾಗುವ ಬಯಕೆ ಇವರಿಗೆ ಮೊದಲಿನಿಂದ ಇತ್ತೆನ್ನುವಂತಿಲ್ಲ. ತಮ್ಮ ವಿಧಾನವನ್ನು ಬೇರೆ ಸಂಸ್ಥೆಗಳಿಗೆ ಮಾರಿ ಓದನ್ನು ಮುಂದುವರಿಸಲು ಇಬ್ಬರೂ ಯತ್ನಿಸಿದರು; ಆ ಸಂಸ್ಥೆಗಳಿಗೆ ಅದರ ಬೆಲೆ ತಿಳಿಯಲಿಲ್ಲ. 1998ರ ಆಗಸ್ಟ್ ತಿಂಗಳಲ್ಲಿ ಪ್ರಾಧ್ಯಾಪಕ ಡೇವಿಡ್ ಚೆರಿಟನ್ನರ ಮನೆಯ ಜಗಲಿಯಲ್ಲಿ ಇವರು ಆಂಡಿ ಬೆಕ್ಟೋಲ್‌ಶೈಮ್ ಎಂಬುವರಿಗೆ ತಮ್ಮ ಯಂತ್ರವನ್ನು ತೋರಿಸಿದರು. ಬೆಕ್ಟೋಲ್‌ಶೈಮರೂ ಅದೇ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿರುವಾಗಲೇ ಹೊಸ ಬಗೆಯ ಕಂಪ್ಯೂಟರನ್ನು ರೂಪಿಸಿ, 1982ರಲ್ಲಿ ಗೆಳೆಯರೊಡನೆ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯನ್ನು ಕಟ್ಟಿದವರು. ವಿದ್ಯಾರ್ಥಿಯ ಕೆಲಸದ ಬೆಲೆ ಅವರಿಗೆ ಬೇಗ ಹೊಳೆಯಿತು. ಒಂದು ಲಕ್ಷ ಡಾಲರಿನ ಚೆಕ್ಕನ್ನು ಗೂಗಲ್ ಎಂಬ ಕಂಪನಿಯ ಹೆಸರಿಗೆ ಬರೆದುಕೊಟ್ಟರು. ಅಂಥ ಕಂಪನಿಯೇ ಇನ್ನೂ ಇರಲಿಲ್ಲವಾದುದರಿಂದ ಚೆಕ್ಕು ಕೆಲದಿನ ಮೇಜಿನ ಖಾನೆಯಲ್ಲಿಯೇ ಉಳಿಯಿತು. 1998ರ ಸೆಪ್ಟೆಂಬರ್ 4ರಂದು ಕಂಪನಿ ನೋಂದಣಿಯಾಯಿತು. ಒಂದರ ಮುಂದೆ ನೂರು ಸೊನ್ನೆಗಳಿರುವ ಗೂಗೋಲ್ ಎಂಬ ಸಂಖ್ಯೆಯಿಂದ ಈ ಹೆಸರು ಬಂದಿದೆ. ಮೆನ್ಲೋ ಪಾರ್ಕ್ ಎಂಬ ಊರಿನಲ್ಲಿ ಸೂಸನ್ ವೊಜ್ಸಿಸ್ಕಿಯವರ ಮನೆಯ ಕಾರುಕೊಟ್ಟಿಗೆ ಬಾಡಿಗೆಗೆ ದೊರೆತು ಅದೇ ಕಚೇರಿಯಾಯಿತು.

ಓದನ್ನು ಬಿಟ್ಟವರೇ ಉದ್ಯಮದಲ್ಲಿ ಗೆಲ್ಲುವರೆಂಬ ಮಾತಿಗೆ ಇವರನ್ನು ಉದಾಹರಣೆಯಾಗಿ ಕೊಡುವವರುಂಟು. ಇದು ಅರ್ಧ ಸತ್ಯ. ಇಬ್ಬರೂ ಸ್ನಾತಕೋತ್ತರ ಪದವಿಯನ್ನು ಪಡೆದಿದ್ದರು. ವರ್ಷಗಟ್ಟಲೆ ಒಂದೇ ಸಮಸ್ಯೆಯ ಮೇಲೆ ದುಡಿದ ನಂತರವೇ ಕಂಪನಿ ಹುಟ್ಟಿತು. ಡಾಕ್ಟರೇಟ್ ಪೂರ್ಣಗೊಳ್ಳಲಿಲ್ಲವೆಂಬುದು ನಿಜ. ವಿಶ್ವವಿದ್ಯಾನಿಲಯದ ಋಣವೂ ಲೆಕ್ಕಕ್ಕೆ ಬಂದಿತು. ಕೊಂಡಿಗಳ ತೂಕವನ್ನು ಅಳೆಯುವ ವಿಧಾನವು ವಿಶ್ವವಿದ್ಯಾನಿಲಯದಲ್ಲಿ ನಡೆದ ಸಂಶೋಧನೆಯಾದುದರಿಂದ ಅದರ ಪೇಟೆಂಟ್ ಹಕ್ಕು ಸ್ಟ್ಯಾನ್‌ಫರ್ಡಿಗೆ ಸೇರಿತು. ಅದನ್ನು ಬಳಸುವ ಪರವಾನಗಿಗೆ ಪ್ರತಿಯಾಗಿ ಕಂಪನಿಯು 18 ಲಕ್ಷ ಷೇರುಗಳನ್ನು ಕೊಟ್ಟಿತು. 2005ರ ವೇಳೆಗೆ ಅವುಗಳ ಮಾರಾಟದಿಂದ ವಿಶ್ವವಿದ್ಯಾನಿಲಯಕ್ಕೆ ದೊರೆತ ಮೊತ್ತ ಸುಮಾರು 33 ಕೋಟಿ 60 ಲಕ್ಷ ಡಾಲರು.

ಹಣ ಸಂಪಾದನೆಯ ದಾರಿ ಮಾತ್ರ ಇವರಿಗೆ ಸುಲಭವಾಗಿ ಹೊಳೆಯಲಿಲ್ಲ. 1998ರಲ್ಲಿ ಪೇಜ್ ಮತ್ತು ಬ್ರಿನ್ ತಮ್ಮ ಯಂತ್ರವನ್ನು ವಿವರಿಸಿ ಪ್ರಬಂಧವೊಂದನ್ನು ಪ್ರಕಟಿಸಿದ್ದರು. ಆಗ ಅವರು ಕೂಡಿಸಿದ್ದುದು 2 ಕೋಟಿ 40 ಲಕ್ಷ ಪುಟಗಳನ್ನು. ಜಾಹೀರಾತಿನ ಹಣದಿಂದ ನಡೆಯುವ ಹುಡುಕಾಟದ ಯಂತ್ರವು ಸಹಜವಾಗಿಯೇ ಜಾಹೀರಾತುದಾರರ ಕಡೆಗೆ ವಾಲುತ್ತದೆ, ಹುಡುಕುವವರ ಹಿತ ಹಿಂದಾಗುತ್ತದೆ ಎಂದು ಅದರ ಅನುಬಂಧದಲ್ಲಿ ಎಚ್ಚರಿಸಿದ್ದರು. ಎರಡು ವರ್ಷ ಕಳೆಯುವುದರೊಳಗೆ ಸಂಸ್ಥೆಯನ್ನು ನಡೆಸಲು ಹಣ ಬೇಕಾಯಿತು. 2000ದ ಅಕ್ಟೋಬರಿನಲ್ಲಿ ಗೂಗಲ್, ಹುಡುಕುವ ಪದಕ್ಕೆ ತಕ್ಕಂತೆ ಫಲಿತಾಂಶದ ಜೊತೆಗೆ ಜಾಹೀರಾತನ್ನು ತೋರಿಸುವ ವ್ಯವಸ್ಥೆಯನ್ನು ಆರಂಭಿಸಿತು. ಮುಂದೆ ಅದೇ ಅದರ ಆದಾಯದ ಮುಖ್ಯ ಮೂಲವಾಯಿತು. 2024ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ನ್ಯಾಯಾಲಯವೊಂದು, ಹುಡುಕಾಟದ ಕ್ಷೇತ್ರದಲ್ಲಿ ಈ ಸಂಸ್ಥೆ ತನ್ನ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಕಾಪಾಡಿಕೊಂಡಿದೆಯೆಂದು ತೀರ್ಪು ನೀಡಿತು. ಇಬ್ಬರು ವಿದ್ಯಾರ್ಥಿಗಳು ಬರೆದ ಆ ಪ್ರಬಂಧವನ್ನು ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಅದರ ಅನುಬಂಧವೂ ಹಾಗೆಯೇ ಉಳಿದಿದೆ.