ಹಕ್ಕಿಗಳ ಅನ್ನಛತ್ರದಲ್ಲಿ ಕಂಡದ್ದು

ಇಂಗ್ಲೆಂಡಿನಲ್ಲಿ ನೆಲೆಸಿರುವ ಮಗಳ ಮನೆಯಲ್ಲಿ ಒಂದು ಚಳಿಗಾಲವನ್ನು ಕಳೆದೆ. ಹಿತ್ತಲಿನ ಮರಕ್ಕೆ ಅವಳು ತೂಗುಹಾಕಿದ್ದ ಜಾಲರಿಯ ಕೊಳವೆಯಲ್ಲಿ ಕಡಲೆಕಾಯಿ ಬೀಜ, ಪಕ್ಕದ ಮರದ ಹಲಗೆಯ ಮೇಲೆ ಸೂರ್ಯಕಾಂತಿ ಬೀಜ ಮತ್ತು ಕೊಬ್ಬಿನ ಉಂಡೆ. ಬೆಳಕು ಹರಿಯುತ್ತಲೇ ಅಲ್ಲಿ ಹಕ್ಕಿಗಳ ಸಂತೆ. ಒಂದು ದಿನ ಗ್ರೀನ್‌ಫಿಂಚ್ ಎಂಬ ಹಸಿರು ಹಕ್ಕಿ ಗರಿ ಉಬ್ಬಿಸಿಕೊಂಡು ಹಲಗೆಯ ಮೇಲೆ ಗಂಟೆಗಟ್ಟಲೆ ಕುಳಿತಿತ್ತು. ಬೀಜವನ್ನು ಕಚ್ಚುವುದು, ಉದುರಿಸುವುದು, ಮತ್ತೆ ಕಚ್ಚುವುದು. ಹೊಟ್ಟೆಬಾಕನೆಂದು ನಾನು ನಕ್ಕೆ. ಮರುದಿನ ಅದು ಹಲಗೆಯ ಕೆಳಗೆ ಸತ್ತು ಬಿದ್ದಿತ್ತು.

ಮನುಷ್ಯನ ಮನೆಯ ಆಹಾರ ಬ್ರಿಟನ್ನಿನ ಹಕ್ಕಿಗಳ ನಡವಳಿಕೆಯನ್ನು ಬದಲಿಸಿದ್ದು ಹೊಸ ಸಂಗತಿಯೇನಲ್ಲ. ಬಾಗಿಲ ಬಳಿ ಇಟ್ಟ ಹಾಲಿನ ಬಾಟಲಿಯ ಮುಚ್ಚಳ ಹರಿದು ಕೆನೆ ಕುಡಿಯುವ ಟಿಟ್ ಹಕ್ಕಿಗಳು 1921ರಲ್ಲಿಯೇ ಸೌತಾಂಪ್ಟನ್ ಬಳಿ ವರದಿಯಾಗಿದ್ದವು. ಮಧ್ಯ ಯುರೋಪಿನ ಬ್ಲ್ಯಾಕ್‌ಕ್ಯಾಪ್ ಹಕ್ಕಿಗಳದು ಇನ್ನೂ ಸ್ವಾರಸ್ಯಕರ ಕಥೆ. ಚಳಿಗಾಲಕ್ಕೆ ಸ್ಪೇನ್, ಉತ್ತರ ಆಫ್ರಿಕಗಳತ್ತ ಹೋಗುತ್ತಿದ್ದ ಈ ಕುಲದ ಹಲವು ಹಕ್ಕಿಗಳು 1960ರ ದಶಕದಿಂದೀಚೆಗೆ ಬ್ರಿಟನ್ನಿನತ್ತ ಮುಖ ಮಾಡಿವೆ. ಹುಳು, ಹಣ್ಣು ತಿನ್ನುವ ಇವು ಅಲ್ಲಿನ ಹಿತ್ತಲುಗಳಲ್ಲಿ ಕೊಬ್ಬಿನ ಉಂಡೆ ಕುಕ್ಕುತ್ತವೆ. ತುಸು ಬೆಚ್ಚಗಾದ ಚಳಿಗಾಲದ ಜೊತೆಗೆ ಈ ಉಚಿತ ಭೋಜನವೂ ಅದಕ್ಕೆ ಕಾರಣವೆಂದು 2015ರ ಅಧ್ಯಯನವೊಂದು ತೋರಿಸಿತು. ಸಹಾಯಧನವು ಫಲಾನುಭವಿಯ ದಾರಿಯನ್ನೇ ಬದಲಿಸಬಲ್ಲದು ಎಂಬ ಅರ್ಥಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. ನಾನು ಕಂಡ ಹಸಿರು ಹಕ್ಕಿಯ ಲಕ್ಷಣಗಳು ಟ್ರೈಕೊಮೊನೋಸಿಸ್ ಎಂಬ ರೋಗದ್ದು. ಪಾರಿವಾಳಗಳಲ್ಲಿ ಹಿಂದಿನಿಂದಲೂ ಇದ್ದ ಪರಾವಲಂಬಿ ಜೀವಿಯೊಂದು 2005ರ ಸುಮಾರಿಗೆ ಬ್ರಿಟನ್ನಿನ ಫಿಂಚ್ ಹಕ್ಕಿಗಳಿಗೆ ತಗುಲಿತು. ಗಂಟಲು ಕಟ್ಟಿ ಹಕ್ಕಿ ಹಸಿವಿನಿಂದಲೇ ಸಾಯುತ್ತದೆ. ಅದು ಉಗುಳಿದ ಒದ್ದೆ ಕಾಳನ್ನು ಮುಂದಿನ ಹಕ್ಕಿ ತಿನ್ನುತ್ತದೆ. ಕಾಡಿನಲ್ಲಿ ಚದುರಿ ಮೇಯುವ ಹಕ್ಕಿಗಳನ್ನು ನಮ್ಮ ಔದಾರ್ಯ ಒಂದೇ ಪಂಕ್ತಿಯಲ್ಲಿ ಕೂರಿಸಿತ್ತು. ಗ್ರೀನ್‌ಫಿಂಚ್ ಸಂತತಿ ಎಷ್ಟು ಕುಸಿಯಿತೆಂದರೆ, 2021ರಲ್ಲಿ ಅದು ಬ್ರಿಟನ್ನಿನ ಕೆಂಪುಪಟ್ಟಿ ಸೇರಿತು. ಅಲ್ಲಿನ ಪ್ರಮುಖ ಪಕ್ಷಿ ಸಂರಕ್ಷಣಾ ಸಂಸ್ಥೆಯಾದ ಆರ್‌ಎಸ್‌ಪಿಬಿ 2025ರಲ್ಲಿ ಇಂಥ ಸಪಾಟು ಹಲಗೆಗಳ ಮಾರಾಟವನ್ನು ತಡೆಹಿಡಿಯಿತು.

ಹಾಗೆಂದು ಕಾಳು ಹಾಕುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಕೊರೆಯುವ ಚಳಿಯಲ್ಲಿ ಆ ಹಿಡಿ ಬೀಜದಿಂದ ಬದುಕುಳಿಯುವ ಪುಟ್ಟ ಜೀವಗಳಿವೆ. ಸರ್ಕಾರಿ ಸೇವೆಯಲ್ಲಿ ಧಾನ್ಯ ಹಂಚಿಕೆಯ ಕಡತಗಳನ್ನು ನೋಡಿದವನು ನಾನು. ಎಷ್ಟು ಚೀಲ ವಿತರಣೆಯಾಯಿತೆಂದು ಬರೆದು ಕಡತ ಮುಚ್ಚುವುದು ಸುಲಭ. ಅದು ಉಂಡವರಿಗೆ ಏನು ಮಾಡಿತೆಂದು ಹೋಗಿ ನೋಡುವುದು ಕಷ್ಟ. ದಾನಿಯ ಹೊಣೆ ಕೊಟ್ಟಲ್ಲಿಗೆ ಮುಗಿಯುವುದಿಲ್ಲ, ಅಲ್ಲಿಂದ ಆರಂಭವಾಗುತ್ತದೆ. ಆಹಾರದ ಪಾತ್ರೆಯನ್ನು ವಾರಕ್ಕೊಮ್ಮೆಯಾದರೂ ತೊಳೆದು ಒಣಗಿಸಬೇಕು, ಜಾಗ ಬದಲಿಸುತ್ತಿರಬೇಕು, ರೋಗದ ಹಕ್ಕಿ ಕಂಡರೆ ಕೆಲವು ವಾರ ಛತ್ರವನ್ನೇ ಮುಚ್ಚಬೇಕು. ಬೇಸಿಗೆಯಲ್ಲಿ ತಾರಸಿಯ ಮೇಲೆ ನೀರು, ಕಾಳು ಇಡುವ ನಮಗೂ ಇದು ಅನ್ವಯಿಸುತ್ತದೆ.

ಮಗಳು ಹಲಗೆಯನ್ನು ಕಿತ್ತು ಒಳಗಿಟ್ಟಳು, ಕೊಳವೆಯನ್ನೂ ಇಳಿಸಿದಳು. ಮರುದಿನ ಬೆಳಿಗ್ಗೆ ಹಕ್ಕಿಗಳು ಬಂದು ಬರಿದಾದ ಕೊಂಬೆಯ ಸುತ್ತ ಹಾರಾಡಿದವು. ಕಿಟಕಿಯ ಹಿಂದೆ ನಿಂತು ನೋಡುವುದು ಇಬ್ಬರಿಗೂ ಕಷ್ಟವಾಯಿತು. ಕೆಲವೊಮ್ಮೆ ಕೊಡದಿರುವುದೂ ದಯೆಯೇ.