ನಿಮಗಿದು ಗೊತ್ತೆ? ಸೊಂಟಕ್ಕೊಂದು ಮಗ್ಗ, ಹುಳುವಿನಿಂದ ಕೆಂಪು

ಪೆರು ದೇಶದ ಕುಸ್ಕೊ ನಗರದ ಬಳಿ, ಸುಮಾರು 3,760 ಮೀಟರ್ ಎತ್ತರದಲ್ಲಿ ಚಿಂಚೆರೊ ಎಂಬ ಊರಿದೆ. ಪ್ರವಾಸಿಗರು ಬಂದರೆ ಇಲ್ಲಿನ ಹೆಂಗಸರು ಮೊದಲು ಒಂದು ಗೆಡ್ಡೆಯನ್ನು ತುರಿದು ನೊರೆ ಬರಿಸಿ, ಕೊಳಕು ಉಣ್ಣೆಯನ್ನು ಕಣ್ಣೆದುರೇ ಬೆಳ್ಳಗೆ ಮಾಡಿ ತೋರಿಸುತ್ತಾರೆ. ನಮ್ಮ ಅಂಟುವಾಳದ ನೊರೆ ನೆನಪಾದೀತು!

ಆಮೇಲೆ ಬಣ್ಣದ ಆಟ. ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನಿಯಲ್ ಎಂಬ ಪುಟ್ಟ ಕೀಟವನ್ನು ಒಣಗಿಸಿ ಅರೆದರೆ ಕಡುಗೆಂಪು. ಅದಕ್ಕೆ ನಾಲ್ಕು ಹನಿ ನಿಂಬೆರಸ ಬಿದ್ದರೆ ಬಣ್ಣ ಕಿತ್ತಳೆಯತ್ತ ವಾಲುತ್ತದೆ. ಅಡುಗೆ ಸೋಡಾ ಬೆರೆಸಿದರೆ ನೇರಳೆಯತ್ತ.

ಇನ್ನು ನೇಯ್ಗೆ. ಮಗ್ಗದ ಒಂದು ತುದಿ ಗೂಟಕ್ಕೆ, ಇನ್ನೊಂದು ನೇಯುವವಳ ಸೊಂಟಕ್ಕೆ. ಆಕೆ ಹಿಂದಕ್ಕೆ ವಾಲಿದರೆ ಎಳೆ ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ಚಿತ್ತಾರ ಮೂಡುವುದು ಹೊಕ್ಕಿನಲ್ಲಲ್ಲ, ಹಾಸಿನಲ್ಲಿ. ಎಳೆಗಳನ್ನು ಒತ್ತಿ ಕೂರಿಸಲು ಲಾಮಾ ಎಂಬ ಪ್ರಾಣಿಯ ಮೂಳೆಯ ಮೊನೆ.

ಕಾರ್ಖಾನೆ ಬಟ್ಟೆಯ ಮುಂದೆ ಸೊರಗುತ್ತಿದ್ದ ಈ ಕಸುಬನ್ನು ಉಳಿಸಲೆಂದು ಚಿಂಚೆರೊದವರೇ ಆದ ನೇಕಾರ್ತಿ ನಿಲ್ಡಾ ಕಾಯನ್ಯೌಪಾ 1996ರಲ್ಲಿ ಕುಸ್ಕೊದಲ್ಲಿ ಸಾಂಪ್ರದಾಯಿಕ ಜವಳಿ ಕೇಂದ್ರ ಕಟ್ಟಿದರು. ಪ್ರಾತ್ಯಕ್ಷಿಕೆ ಸ್ವಲ್ಪ ನಾಟಕೀಯ, ನಿಜ. ಆದರೆ ಅದನ್ನು ನೋಡಿದವರಿಗೆ ಶಾಲಿನ ಬೆಲೆ ಕೇಳಿ ಚೌಕಾಸಿ ಮಾಡಲು ಬಾಯಿ ಬರುವುದು ಕಷ್ಟ.

ಪೆರುವಿನದೇ ಆದ, ಟಿಟಿಕಾಕಾ ಸರೋವರದ ಟಕಿಲೆ ದ್ವೀಪದ ನೇಯ್ಗೆಗಂತೂ ಯುನೆಸ್ಕೊ 2005ರಲ್ಲೇ ಮನ್ನಣೆ ಕೊಟ್ಟಿತು. ಅಲ್ಲಿ ಟೊಪ್ಪಿ ಹೆಣೆಯುವುದು ಗಂಡಸರ ಕೆಲಸ. ಟೊಪ್ಪಿ ಪೂರ್ತಿ ಕೆಂಪಿದ್ದರೆ ಮದುವೆಯಾಗಿದೆ. ಮೇಲ್ಭಾಗ ಬಿಳಿಯಿದ್ದರೆ ಹುಡುಗ ಇನ್ನೂ ಬ್ರಹ್ಮಚಾರಿ.